ಮುಂಬೈ ವಿವಿ ಕ್ಯಾಂಪಸ್ ಮಾಸ್ಟರ್ ಪ್ಲಾನ್: ಠಾಣೆ, ಡೊಂಬಿವಲಿ, ಕಲ್ಯಾಣದವರಿಗೆ ಏಕೆ ಮುಖ್ಯ?

1857ರಲ್ಲಿ ಸ್ಥಾಪನೆಯಾದ ಮುಂಬೈ ವಿಶ್ವವಿದ್ಯಾಲಯ, ಫೋರ್ಟ್ ಆವರಣದಲ್ಲಿ ಜಾಗ ಸಾಲದೆ ಕಲೀನಾದ ವಿದ್ಯಾನಗರಿಗೆ ವಿಸ್ತರಿಸಿತು. ಕನ್ನಡ ವಿಭಾಗ ಇರುವುದೂ ಇಲ್ಲೇ. ಈಗ ಠಾಣೆ ಮತ್ತು ಕಲ್ಯಾಣದಲ್ಲಿ ಉಪ ಕ್ಯಾಂಪಸ್‌ಗಳಿವೆ.

ಏನಿದು ಮಾಸ್ಟರ್ ಪ್ಲಾನ್?
ಮುಂದಿನ 20-25 ವರ್ಷಗಳಲ್ಲಿ ಎಷ್ಟು ವಿದ್ಯಾರ್ಥಿಗಳು ಬರಬಹುದು ಎಂದು ಅಂದಾಜಿಸಿ ತರಗತಿ, ಪ್ರಯೋಗಾಲಯ, ಹಾಸ್ಟೆಲ್, ರಸ್ತೆ, ನೀರು, ಒಳಚರಂಡಿ ಹಾಗೂ ಬಯಲು ಜಾಗವನ್ನು ಮೊದಲೇ ಗುರುತಿಸುವ ಯೋಜನೆ ಇದು. ಇದಿಲ್ಲದಿದ್ದರೆ ಅನುದಾನ ಬಂದಾಗಲೆಲ್ಲ ಖಾಲಿ ಕಂಡಲ್ಲಿ ಕಟ್ಟಡ ಏಳುತ್ತದೆ, ಆಮೇಲೆ ಪೈಪ್ ಹಾಕಲು ರಸ್ತೆ ಅಗೆಯಬೇಕಾಗುತ್ತದೆ.

ಕಲೀನಾದ ಮಿತಿ ಏನು?
ವಿದ್ಯಾನಗರಿ ಸುಮಾರು 240 ಎಕರೆ ಇದೆ. ಆದರೆ ವಿಮಾನ ನಿಲ್ದಾಣ ಹತ್ತಿರದಲ್ಲೇ ಇರುವುದರಿಂದ ಕಟ್ಟಡಗಳ ಎತ್ತರಕ್ಕೆ ಮಿತಿಯಿದೆ. ಮಳೆನೀರು ಇಂಗಲು ಮತ್ತು ಹರಿದು ಹೋಗಲು ಬಯಲು ಜಾಗವನ್ನೂ ಉಳಿಸಿಕೊಳ್ಳಬೇಕು.

ಉಪ ಕ್ಯಾಂಪಸ್‌ಗಳಲ್ಲಿ ಏನಿದೆ?
ಠಾಣೆಯಲ್ಲಿ ಕಾನೂನು ಶಿಕ್ಷಣ, ಕಲ್ಯಾಣದಲ್ಲಿ ಎಂಜಿನಿಯರಿಂಗ್ ಮತ್ತು ಅನ್ವಯಿಕ ವಿಜ್ಞಾನಕ್ಕೆ ಒತ್ತು ಇದೆ. ಕನ್ನಡ ಎಂ.ಎ. ಓದುವ ಡೊಂಬಿವಲಿಯ ವಿದ್ಯಾರ್ಥಿ ಮಾತ್ರ ಲೋಕಲ್ ರೈಲಿನಲ್ಲಿ ಕುರ್ಲಾಕ್ಕೆ ಬಂದು, ಅಲ್ಲಿಂದ ಬಸ್ಸೋ ರಿಕ್ಷಾವೋ ಹಿಡಿದು ಕಲೀನಾ ತಲುಪಬೇಕು.

ಕಾನೂನು ಏನು ಹೇಳುತ್ತದೆ?
ಯಾವ ಪ್ರದೇಶಕ್ಕೆ ಯಾವ ಹೊಸ ಕಾಲೇಜು, ಕೋರ್ಸ್ ಬೇಕು ಎಂಬ ಬಗ್ಗೆ 5 ವರ್ಷಗಳ ಯೋಜನೆ ರೂಪಿಸುವುದು 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯ ಕಾಯ್ದೆಯಡಿ ಕಡ್ಡಾಯ. ಕ್ಯಾಂಪಸ್ ಮಾಸ್ಟರ್ ಪ್ಲಾನ್ ಇದಕ್ಕಿಂತ ಬೇರೆ. ಎರಡೂ ಒಂದಕ್ಕೊಂದು ತಾಳೆಯಾದರೆ ಮಾತ್ರ ಉಪ ಕ್ಯಾಂಪಸ್‌ಗಳಿಂದ ವಿದ್ಯಾರ್ಥಿಗಳ ದಿನನಿತ್ಯದ ಓಡಾಟ ಕಡಿಮೆಯಾದೀತು.