ಮಂಡಿ ಇಲ್ಲದ ಆನೆ

ಆನೆಗೆ ಮಂಡಿ ಇದೆಯಾ? ದೇವಸ್ಥಾನದ ಮುಂದೆ ಆನೆ ಮಂಡಿಯೂರುವುದನ್ನು ನೋಡಿದವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ಆದರೆ 800 ವರ್ಷಗಳ ಹಿಂದೆ ಇಂಗ್ಲೆಂಡಿನ ಓದಿದವರನ್ನು ಕೇಳಿದ್ದರೆ, ಬಹುಶಃ ಇಲ್ಲ ಅಂದುಬಿಡುತ್ತಿದ್ದರು. ಅವರ ಪುಸ್ತಕದಲ್ಲಿ ಹಾಗೇ ಬರೆದಿತ್ತು.

ಆ ಬಗೆಯ ಪುಸ್ತಕಕ್ಕೆ ಬೆಸ್ಟಿಯರಿ ಅಂತ ಹೆಸರು. 'ಫಿಸಿಯೋಲೋಗಸ್' ಎಂಬ ಹಳೆಯ ಗ್ರೀಕ್ ಕೃತಿ ಅದರ ಮೂಲ. 12 ಮತ್ತು 13ನೇ ಶತಮಾನದ ಇಂಗ್ಲೆಂಡಿನಲ್ಲಿ ಇವು ತುಂಬಾ ಜನಪ್ರಿಯವಾಗಿದ್ದವು. ಚರ್ಮದ ಹಾಳೆಯ ಮೇಲೆ ಒಂದು ಪ್ರಾಣಿಯ ಚಿತ್ರ, ಅದರ ಸ್ವಭಾವ, ಆಮೇಲೆ ಅದರಿಂದ ಕಲಿಯಬೇಕಾದ ಕ್ರೈಸ್ತ ಪಾಠ. ನಮ್ಮ ಪಂಚತಂತ್ರದ ಹಾಗೆ ಇಲ್ಲಿ ಪ್ರಾಣಿಗಳು ಮಾತಾಡುವುದಿಲ್ಲ. ಅವು ಬದುಕುವ ರೀತಿಯೇ ಪಾಠ.

ಆನೆಯ ಕಥೆ ಕೇಳಿ. ಅದರ ಕಾಲಿಗೆ ಕೀಲಿಲ್ಲ, ಬಿದ್ದರೆ ಏಳೋಕಾಗಲ್ಲ. ಹಾಗಾಗಿ ಮರಕ್ಕೆ ಒರಗಿಕೊಂಡು ನಿದ್ದೆ ಮಾಡುತ್ತೆ. ಬೇಟೆಗಾರ ಮರವನ್ನು ಅರ್ಧ ಕೊಯ್ದಿಟ್ಟು ಹೋಗುತ್ತಾನೆ. ಮರದ ಜೊತೆ ಆನೆಯೂ ಉರುಳುತ್ತೆ. ದೊಡ್ಡ ಆನೆಗಳು ಬಂದರೂ ಎತ್ತಲು ಆಗುವುದಿಲ್ಲ. ಕೊನೆಗೆ ಒಂದು ಪುಟ್ಟ ಆನೆ ಸೊಂಡಿಲು ಹಾಕಿ ಎಬ್ಬಿಸುತ್ತೆ. ಆ ಪುಟ್ಟ ಆನೆಯೇ ಕ್ರಿಸ್ತ.

ಇದನ್ನು ಬರೆದ ಕಲಾವಿದರಲ್ಲಿ ಹೆಚ್ಚಿನವರು ಆನೆಯನ್ನು ಕಂಡವರೇ ಅಲ್ಲ. ಕಾಲು ಕಂಬದ ಹಾಗೆ, ಸೊಂಡಿಲು ಕಹಳೆಯ ಹಾಗೆ. ಪರ್ಷಿಯನ್ನರೂ ಭಾರತೀಯರೂ ಆನೆಯ ಮೇಲಿನ ಮರದ ಗೋಪುರದಿಂದ ಯುದ್ಧ ಮಾಡುತ್ತಾರೆ ಅಂತ ಪಠ್ಯದಲ್ಲಿದೆ. ಅದಕ್ಕೆ ಎಷ್ಟೋ ಚಿತ್ರಗಳಲ್ಲಿ ಆನೆಯ ಬೆನ್ನ ಮೇಲೆ ಸೈನಿಕರು ತುಂಬಿದ ಒಂದು ಕೋಟೆಯೇ ಕೂತಿದೆ! ನಮ್ಮ ಅಂಬಾರಿಯ ದೂರದ ನೆಂಟ ಅನ್ನಿ.

ನಗು ಬರುತ್ತೆ, ನಿಜ. ಆದರೆ ಆನೆ ಹೇಗಿರುತ್ತೆ ಅಂತ ತೋರಿಸುವುದು ಈ ಚಿತ್ರಗಳ ಮುಖ್ಯ ಕೆಲಸ ಆಗಿರಲಿಲ್ಲ. ಹಕ್ಕಿಗಳ ಬಗ್ಗೆ ಇಂಥದೇ ಪುಸ್ತಕ ಬರೆದ ಫ್ರಾನ್ಸಿನ ಹ್ಯೂ ಆಫ್ ಫುಯ್ವಾ ಅದನ್ನು ಮೊದಲಲ್ಲೇ ಹೇಳಿಬಿಟ್ಟಿದ್ದಾನೆ: ಓದಿದವರು ಅಕ್ಷರದಿಂದ ತಿಳಿಯುವುದನ್ನು ಓದು ಬಾರದವರು ಚಿತ್ರದಿಂದ ತಿಳಿಯಲಿ ಅಂತ. ತನ್ನ ಎದೆ ಸೀಳಿ ಮರಿಗಳಿಗೆ ರಕ್ತ ಕೊಡುವ ಪೆಲಿಕನ್ ಹಕ್ಕಿಯ ಚಿತ್ರವನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ಕೊಕ್ಕಿನ ಅಳತೆ ತಪ್ಪಿದ್ದರೂ ಪಾಠ ಉಳಿಯುತ್ತೆ.

ಅಂಥ ಪುಸ್ತಕಗಳಲ್ಲಿ ನನಗೆ ಇಷ್ಟವಾದದ್ದು ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿರುವ, ಸುಮಾರು 1200ರ ಬೆಸ್ಟಿಯರಿ. ಆಡಿಯೋದಲ್ಲಿ ತೋರಿಸೋಕಾಗಲ್ಲ, ಅವರ ವೆಬ್‌ಸೈಟಿನಲ್ಲಿ ಪುಟಪುಟವೂ ಇದೆ, ನೋಡಿ. ಬಂಗಾರದ ಹಿನ್ನೆಲೆ ಕಣ್ಣು ಕುಕ್ಕುತ್ತೆ. ಆದರೆ ಕೆಲವು ಚಿತ್ರಗಳ ಅಂಚಿನುದ್ದಕ್ಕೂ ಸೂಜಿ ಚುಚ್ಚಿದ ಸಣ್ಣ ತೂತುಗಳಿವೆ. ಮನೆಯಲ್ಲಿ ರಂಗೋಲಿ ಅಚ್ಚು ನೋಡಿದ್ದೀರಲ್ಲ, ಅದೇ ಉಪಾಯ. ತೂತಿನ ಮೇಲೆ ಪುಡಿ ಉದುರಿಸಿದರೆ ಕೆಳಗಿನ ಹಾಳೆಯಲ್ಲಿ ಚುಕ್ಕಿ ಬೀಳುತ್ತೆ, ಚುಕ್ಕಿ ಸೇರಿಸಿದರೆ ಹೊಸ ಸಿಂಹ ರೆಡಿ. ಒಬ್ಬ ಮಾಡಿದ ತಪ್ಪು ಇನ್ನೊಂದು ಪುಸ್ತಕಕ್ಕೆ ಹೋಗುತ್ತಿದ್ದದ್ದೂ ಹೀಗೆ ನಕಲು ಮಾಡುವುದರಿಂದಲೇ.

ಹೀಗಿರುವಾಗ 1255ರಲ್ಲಿ ನಿಜವಾದ ಆನೆಯೊಂದು ಲಂಡನ್ನಿಗೆ ಬಂತು. ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿ ಇಂಗ್ಲೆಂಡಿನ ಮೂರನೆಯ ಹೆನ್ರಿಗೆ ಕೊಟ್ಟ ಉಡುಗೊರೆ ಅದು. ಟವರ್ ಆಫ್ ಲಂಡನ್‌ನಲ್ಲಿ ಅದಕ್ಕೆ 40 ಅಡಿ ಉದ್ದ, 20 ಅಡಿ ಅಗಲದ ಮನೆ ಕಟ್ಟಿಸಿದರು. ಸೇಂಟ್ ಆಲ್ಬನ್ಸ್ ಮಠದ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ಅದರ ಚಿತ್ರ ಬರೆದ. ಗಾತ್ರ ಗೊತ್ತಾಗಲಿ ಅಂತ ಒಂದು ಚಿತ್ರದಲ್ಲಿ ಪಕ್ಕದಲ್ಲೇ ಅದನ್ನು ನೋಡಿಕೊಳ್ಳುವವನನ್ನೂ ನಿಲ್ಲಿಸಿದ. ಕಾಲಿನ ನಡುವೆ, ಪುಸ್ತಕಗಳು ಇಲ್ಲ ಅಂದ ಜಾಗದಲ್ಲೇ, ಮಂಡಿ ಬರೆದ.

1257ರಲ್ಲಿ ಆ ಆನೆ ಸತ್ತುಹೋಯಿತು. ಬೆಸ್ಟಿಯರಿಗಳನ್ನು ನಕಲು ಮಾಡುವವರು ಮಾತ್ರ ಆಮೇಲೂ ಮಂಡಿಯಿಲ್ಲದ ಆನೆಯ ಕಥೆ ಬರೆಯುತ್ತಲೇ ಇದ್ದರು. ಅವರ ಪುಟ್ಟ ಆನೆ ಎಬ್ಬಿಸಬೇಕಾದರೆ, ದೊಡ್ಡ ಆನೆ ಬಿದ್ದೇ ಇರಬೇಕಿತ್ತಲ್ಲ.