ಹರಕೆಯ ಹಲಗೆಯ ಮೇಲೆ ಕಾರ್ಟೂನು: ಜಪಾನಿನ ಜನಪ್ರಿಯ ಸಂಸ್ಕೃತಿ ಮತ್ತು ಧರ್ಮದ ಅಧ್ಯಯನ

ನಮ್ಮ ಮನೆಗಳ ಮಕ್ಕಳು ರಾತ್ರಿ ಬಹಳ ಹೊತ್ತಿನವರೆಗೆ ನೋಡುವ ಜಪಾನಿನ ‘ಅನಿಮೆ’ ಚಿತ್ರಗಳಲ್ಲಿ ದೇಗುಲ, ತೋರಣಗಂಬ, ಪುರೋಹಿತ, ನದಿದೇವತೆಗಳು ಮತ್ತೆ ಮತ್ತೆ ಬರುತ್ತವೆ. ‘ಇದು ದೇವರ ಕಥೆಯೋ, ಬರಿಯ ಕಾರ್ಟೂನೋ?’ ಎಂದು ಹಿರಿಯರು ಕೇಳುವುದುಂಟು. ಧರ್ಮದ ಅಧ್ಯಯನ ಮಾಡುವ ವಿದ್ವಾಂಸರೂ ಬಹುಕಾಲದಿಂದ ಇದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿದ್ದಾರೆ. ಅವರು ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಪರಿಚಯಿಸಲು ಯತ್ನಿಸಿದ್ದೇವೆ.

ಮೊದಲಿಗೆ ಒಂದು ಪದದ ವಿಚಾರ. ಜಪಾನೀ ಭಾಷೆಯಲ್ಲಿ ಧರ್ಮಕ್ಕೆ ಈಗ ಬಳಕೆಯಲ್ಲಿರುವ ‘ಶೂಕ್ಯೋ’ ಎಂಬುದು ಹಳೆಯ ಬೌದ್ಧ ಗ್ರಂಥಗಳಲ್ಲಿ ಬೇರೆ ಅರ್ಥದಲ್ಲಿದ್ದ ಮಾತು. ಪಾಶ್ಚಾತ್ಯ ರಾಷ್ಟ್ರಗಳೊಡನೆ ವ್ಯವಹಾರ ಬೆಳೆದ 19ನೆಯ ಶತಮಾನದಲ್ಲಿ ಅದು ‘ರಿಲಿಜನ್’ ಎಂಬುದಕ್ಕೆ ಸಮಾನಪದವಾಗಿ ರೂಢಿಗೆ ಬಂದಿತು. ಗ್ರಂಥ, ಸಿದ್ಧಾಂತ, ಸದಸ್ಯತ್ವಗಳ ವಾಸನೆ ಆ ಪದಕ್ಕೆ ಇಂದಿಗೂ ಅಂಟಿಕೊಂಡಿದೆ. ಆದುದರಿಂದ ‘ನಿಮಗೆ ಶೂಕ್ಯೋ ಇದೆಯೇ?’ ಎಂದರೆ ಬಹುಪಾಲು ಜಪಾನೀಯರು ಇಲ್ಲವೆನ್ನುತ್ತಾರೆ. ಹಾಗೆಂದವರೇ ಹೊಸವರ್ಷದ ದಿನ ಶಿಂಟೊ ದೇಗುಲದೆದುರು ಸಾಲುಗಟ್ಟುತ್ತಾರೆ, ಮನೆಯಲ್ಲಿ ಸಾವಾದರೆ ಬೌದ್ಧ ಪುರೋಹಿತರನ್ನು ಕರೆಸುತ್ತಾರೆ. ಧಾರ್ಮಿಕ ಸಂಸ್ಥೆಗಳು ಸರ್ಕಾರಕ್ಕೆ ಕೊಡುವ ಅನುಯಾಯಿಗಳ ಲೆಕ್ಕವನ್ನು ಕೂಡಿದರೆ 2010ರ ದಶಕದಲ್ಲಿ ಮೊತ್ತವು 18 ಕೋಟಿಯನ್ನು ಮೀರುತ್ತಿತ್ತು. ದೇಶದ ಜನಸಂಖ್ಯೆಯೋ ಸುಮಾರು 12.7 ಕೋಟಿ! ಲೆಕ್ಕ ತಾಳೆಯಾಗದಿದ್ದರೆ ನಮ್ಮಂಥ ಬ್ಯಾಂಕಿನವರಿಗೆ ನಿದ್ದೆ ಬಾರದು. ಜಪಾನೀಯರಿಗೆ ಅದರ ಚಿಂತೆಯಿಲ್ಲ, ಒಬ್ಬನೇ ಎರಡೂ ಕಡೆಯ ಪುಸ್ತಕದಲ್ಲಿ ಇರಬಹುದು.

ಇಯನ್ ರೀಡರ್ ಮತ್ತು ಜಾರ್ಜ್ ತನಾಬೆ ಎಂಬ ವಿದ್ವಾಂಸರು 1998ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜಪಾನೀ ಧರ್ಮದ ತಿರುಳು ಸಿದ್ಧಾಂತದಲ್ಲಿ ಅಲ್ಲ, ‘ಗೆಂಜೆ ರಿಯಾಕು’ ಅಂದರೆ ಇಹಲೋಕದ ಫಲಪ್ರಾಪ್ತಿಯಲ್ಲಿ ಇದೆಯೆಂದು ವಾದಿಸಿದರು. ಟೋಕಿಯೋದ ಕಾಂಡಾ ಮ್ಯೋಜಿನ್ ದೇಗುಲವು ಅಕಿಹಾಬಾರಾದ ಎಲೆಕ್ಟ್ರಾನಿಕ್ಸ್ ಪೇಟೆಯ ಬಳಿಯಲ್ಲಿದೆ. ಅಲ್ಲಿ ಕಂಪ್ಯೂಟರುಗಳ ಸುರಕ್ಷತೆಗೂ ರಕ್ಷಾತಾಯಿತ ದೊರೆಯುತ್ತದೆ. ಆಯುಧಪೂಜೆಯಂದು ಕಂಪ್ಯೂಟರಿಗೆ ಕುಂಕುಮವಿಡುವ ನಾವು ಇದಕ್ಕೆ ನಗುವಂತಿಲ್ಲ. ಜಪಾನಿನ ಸಪ್ತ ಭಾಗ್ಯದೇವತೆಗಳಲ್ಲಿ ವೀಣೆಯನ್ನು ಹೋಲುವ ವಾದ್ಯವನ್ನು ಹಿಡಿದ ಬೆಂಜೈತೆನ್ ನಮ್ಮ ಸರಸ್ವತಿಯೇ. ಬೌದ್ಧಧರ್ಮದ ಜೊತೆಯಲ್ಲಿ ಅಲ್ಲಿಗೆ ಹೋದವಳು.

ಆದರೆ ಈ ಅಧ್ಯಯನಕ್ಕೆ ಒಂದು ಕರಾಳ ಅಧ್ಯಾಯವೂ ಇದೆ. 1995ರ ಮಾರ್ಚ್ 20ರಂದು ಓಂ ಶಿನ್ರಿಕ್ಯೋ ಎಂಬ ಪಂಥದವರು ಟೋಕಿಯೋದ ಸುರಂಗ ರೈಲುಗಳಲ್ಲಿ ಸಾರಿನ್ ವಿಷಾನಿಲವನ್ನು ಬಿಟ್ಟು ಹಲವರ ಪ್ರಾಣ ತೆಗೆದರು, ಸಾವಿರಾರು ಜನರು ಅಸ್ವಸ್ಥರಾದರು. ಆ ಪಂಥವು ತನ್ನ ಪ್ರಚಾರಕ್ಕಾಗಿ ಮಾಂಗಾ ಎಂಬ ಚಿತ್ರಕಥೆಗಳನ್ನೂ ಅನಿಮೆಯನ್ನೂ ತಾನೇ ತಯಾರಿಸಿತ್ತು. ಅಂದಿನಿಂದ ಧರ್ಮ ಮತ್ತು ಮಾಂಗಾ ಒಟ್ಟಿಗೆ ಕಂಡಲ್ಲೆಲ್ಲ ಸಂಶಯದಿಂದ ನೋಡುವ ಪ್ರವೃತ್ತಿ ಬೆಳೆಯಿತು. ಆ ಸಂಶಯಕ್ಕೆ ಕಾರಣವಿತ್ತು. ಆದರೆ ಎಲ್ಲವನ್ನೂ ಅದೇ ಕನ್ನಡಕದಿಂದ ನೋಡುವುದು ಸರಿಯಲ್ಲ ಎಂಬುದಕ್ಕೆ ಸೈತಾಮಾ ಪ್ರಾಂತದ ಒಂದು ದೇಗುಲ ನಿದರ್ಶನವಾಗಿದೆ.

ಟೋಕಿಯೋದ ಉತ್ತರಕ್ಕಿರುವ ವಾಶಿನೊಮಿಯಾ ದೇಗುಲವು ಪ್ರಾಚೀನವಾದುದು. 2007ರಲ್ಲಿ ಪ್ರಸಾರವಾದ ‘ಲಕ್ಕಿ ಸ್ಟಾರ್’ ಎಂಬ ಅನಿಮೆಯಲ್ಲಿ, ಪುರೋಹಿತರೊಬ್ಬರ ಮಕ್ಕಳಾದ ಅವಳಿ ಸೋದರಿಯರ ಮನೆಯಾಗಿ ಇದೇ ದೇಗುಲವನ್ನು ಹೋಲುವ ದೇಗುಲವೊಂದು ಚಿತ್ರಿತವಾಗಿತ್ತು. ಅಭಿಮಾನಿಗಳು ಕ್ಯಾಮೆರಾ ಹಿಡಿದು ಬರತೊಡಗಿದರು. ಇಂಥ ಯಾತ್ರೆಗೆ ಅವರಿಟ್ಟ ಹೆಸರು ‘ಸೇಚಿ ಜುನ್ರೆಯ್’, ಅಂದರೆ ಪುಣ್ಯಕ್ಷೇತ್ರ ಯಾತ್ರೆ. ಊರಿನವರು ಮೊದಲು ಗಾಬರಿಗೊಂಡರು. ಅನಂತರ ಸ್ಥಳೀಯ ವರ್ತಕರ ಸಂಘವು ಅಭಿಮಾನಿಗಳನ್ನೇ ಮಾತನಾಡಿಸಿ, ಅವರೊಡನೆ ಸೇರಿ ಕಾರ್ಯಕ್ರಮಗಳನ್ನು ಏರ್ಪಡಿಸಿತು. 2008ರ ಹೊಸವರ್ಷದ ಮೊದಲ ಮೂರು ದಿನಗಳಲ್ಲಿ ಸುಮಾರು 3 ಲಕ್ಷ ಜನ ಬಂದರು, ಹಿಂದಿನ ವರ್ಷದ ಎರಡು ಪಟ್ಟಿಗೂ ಹೆಚ್ಚು. 2011ರಲ್ಲಿ ಈ ಸಂಖ್ಯೆ 4.7 ಲಕ್ಷ ಮುಟ್ಟಿತು. 2008ರ ಸೆಪ್ಟೆಂಬರಿನ ಉತ್ಸವದಲ್ಲಿ ಊರ ಪಲ್ಲಕ್ಕಿಯ ಜೊತೆಗೆ ಅನಿಮೆಯ ಪಾತ್ರಗಳನ್ನು ಚಿತ್ರಿಸಿದ ಪಲ್ಲಕ್ಕಿಯನ್ನೂ ಅಭಿಮಾನಿಗಳು ಹೊತ್ತರು.

ವಿದ್ವಾಂಸರ ಗಮನವನ್ನು ಹೆಚ್ಚಾಗಿ ಸೆಳೆದದ್ದು ಅಲ್ಲಿನ ‘ಎಮಾ’ ಫಲಕಗಳು. ‘ಎ’ ಎಂದರೆ ಚಿತ್ರ, ‘ಮಾ’ ಎಂದರೆ ಕುದುರೆ. ಹಿಂದೆ ದೇವರಿಗೆ ಜೀವಂತ ಕುದುರೆಯನ್ನೇ ಅರ್ಪಿಸುತ್ತಿದ್ದರು. ಅದರ ಬದಲಿಗೆ ಕುದುರೆಯ ಚಿತ್ರವಿರುವ ಮರದ ಹಲಗೆ ಬಂದಿತು, ಈಗ ಅದರ ಮೇಲೆ ಹರಕೆಯನ್ನು ಬರೆದು ತೂಗುಹಾಕುತ್ತಾರೆ. ವಾಶಿನೊಮಿಯಾದಲ್ಲಿ ಅಭಿಮಾನಿಗಳು ಪಾತ್ರಗಳ ಚಿತ್ರವನ್ನು ಹಲಗೆಯ ಮೇಲೆ ಬಲು ಶ್ರದ್ಧೆಯಿಂದ ಬರೆದು ತೂಗುಹಾಕತೊಡಗಿದರು. ಪರೀಕ್ಷೆಯ ಚಿಂತೆ, ಉದ್ಯೋಗ, ಮನೆಯವರ ಆರೋಗ್ಯ ಇವೂ ಅಂಥ ಹಲಗೆಗಳ ವಿಷಯವೇ. ಹೀಗೆ ಬರೆದುದು ಆಟವೋ, ಪ್ರಾರ್ಥನೆಯೋ?

ಜೋಲಿಯನ್ ಥಾಮಸ್ ಎಂಬ ವಿದ್ವಾಂಸರು 2007ರಲ್ಲಿ, ಮಿಯಾಜಾಕಿ ಹಯಾವೊ ಅವರ ಚಿತ್ರಗಳನ್ನು ಕುರಿತು ಬರೆಯುವಾಗ ‘ಶೂಕ್ಯೋ ಆಸೋಬಿ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಧರ್ಮವೂ ಆಟವೂ ಬೇರ್ಪಡದ ಸ್ಥಿತಿ ಎಂದು ಸ್ಥೂಲವಾಗಿ ಹೇಳಬಹುದು. 2012ರಲ್ಲಿ ಅವರ ಗ್ರಂಥವೂ ಹೊರಬಂದಿತು. 2001ರಲ್ಲಿ ತೆರೆಕಂಡ ‘ಸ್ಪಿರಿಟೆಡ್ ಅವೇ’ ಚಿತ್ರದಲ್ಲಿ ಕೊಳೆ ಮೆತ್ತಿಕೊಂಡ ನದಿದೇವತೆಯ ಮೈಯಿಂದ ಸೈಕಲ್ಲೊಂದನ್ನು ಎಳೆದು ತೆಗೆಯುವ ದೃಶ್ಯವಿದೆ. ಅದನ್ನು ನೋಡಿದವರು ಶಿಂಟೊ ಮತಕ್ಕೆ ಸೇರುವುದಿಲ್ಲ, ಆದರೆ ತಮ್ಮೂರ ನದಿಯನ್ನು ನೋಡುವ ಬಗೆ ಬೇರೆಯಾಗಬಹುದು. ಪುರಾಣಪ್ರವಚನ, ಯಕ್ಷಗಾನ ಬಯಲಾಟಗಳನ್ನು ಕಂಡು ಬೆಳೆದ ನಮಗೆ ಈ ಮಾತು ಅಪರಿಚಿತವೇನಲ್ಲ. ಆದರೆ ಎಲ್ಲ ಅಭಿಮಾನವನ್ನೂ ಭಕ್ತಿಯೆಂದು ಕರೆದರೆ ಭಕ್ತಿಯೆಂಬ ಮಾತಿಗೆ ಅರ್ಥ ಉಳಿಯುವುದಿಲ್ಲ, ಈ ಎಚ್ಚರ ವಿದ್ವಾಂಸರಿಗೂ ಬೇಕು.

2019ರ ಜುಲೈ 18ರಂದು ‘ಲಕ್ಕಿ ಸ್ಟಾರ್’ ಅನಿಮೆಯನ್ನು ತಯಾರಿಸಿದ ಕ್ಯೋಟೋ ಅನಿಮೇಶನ್ ಸಂಸ್ಥೆಯ ಕಟ್ಟಡಕ್ಕೆ ದುಷ್ಕರ್ಮಿಯೊಬ್ಬ ಬೆಂಕಿ ಹಚ್ಚಿದನು. 36 ಮಂದಿ ಮೃತರಾದರು, ಅವರಲ್ಲಿ ಆ ಅನಿಮೆಯ ನಿರ್ದೇಶಕ ತಾಕೆಮೋತೊ ಯಾಸುಹಿರೊ ಅವರೂ ಒಬ್ಬರು. ಕ್ಯೋಟೋದ ಫುಶಿಮಿಯಲ್ಲಿ ಸುಟ್ಟ ಆ ಕಟ್ಟಡದ ಸಮೀಪ ಹೂವಿಡಲು ಒಂದು ಮೇಜನ್ನು ಹಾಕಲಾಯಿತು. ದೇಶವಿದೇಶಗಳ ಅಭಿಮಾನಿಗಳು ಬಂದು ಹೂಗುಚ್ಛಗಳನ್ನೂ ಕಾಗದದ ಕೊಕ್ಕರೆಗಳನ್ನೂ ಇಟ್ಟು, ಕೈಮುಗಿದು, ತಲೆಬಾಗಿ ನಿಂತರು. ಆಗಸ್ಟ್ 25ರವರೆಗೂ ಆ ಮೇಜು ಅಲ್ಲಿಯೇ ಇತ್ತು.