ಅನುಮತಿಯಿಲ್ಲದ ಮಹಡಿಯಿರುವ ವಠಾರದ ಖರೀದಿ

ಸ್ವರೂಪ

ಸಂಡೂರು ತಾಲ್ಲೂಕಿನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಮತ್ತು ದೋಣಿಮಲೈ ಗಣಿಗಳು ಹೊರಗಿನ ಕಾರ್ಮಿಕರನ್ನು ಸೆಳೆದಿವೆ. ಇಂಥ ಕಡೆ ಮನೆ ಬಾಡಿಗೆಗೆ ಕೊಡುವುದೇ ಒಂದು ಆದಾಯಮಾರ್ಗ. ನೆಲಮಹಡಿಗೆ ಅನುಮತಿ ಪಡೆದ ಮಾಲೀಕ ಮೇಲೆ ಎರಡು ಮನೆಗಳನ್ನು ಅನುಮತಿಯಿಲ್ಲದೆ ಕಟ್ಟಿಸಿದರೆ, ಆ ಮನೆಗಳಿಂದ ಬಾಡಿಗೆ ಬರುತ್ತದೆ. ಮಂಜೂರಾದ ನಕ್ಷೆಯಲ್ಲಿ ಮಾತ್ರ ಅವು ಇರುವುದಿಲ್ಲ. ವಠಾರವನ್ನು ಕೊಳ್ಳುವವನಿಗೆ ಈ ಅಂತರವೇ ಮುಖ್ಯ.

ದಾಖಲೆಗಳ ಅರ್ಥ

ಚೋರನೂರು ಹೋಬಳಿಯಂಥ ಗ್ರಾಮೀಣ ಪ್ರದೇಶದಲ್ಲಿ ಕಟ್ಟಡ ಕಟ್ಟಲು 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಇ-ಸ್ವತ್ತು ತಂತ್ರಾಂಶದಲ್ಲಿ ಕ್ರಮಬದ್ಧ ಸ್ವತ್ತಿಗೆ ನಮೂನೆ 9 ಮತ್ತು 11ಎ ದೊರೆಯುತ್ತವೆ, ಉಳಿದವುಗಳಿಗೆ 11ಬಿ. ಇವು ಸ್ವತ್ತಿನ ಮತ್ತು ತೆರಿಗೆಯ ದಾಖಲೆಗಳೇ ಹೊರತು ಮಹಡಿಯ ಪರವಾನಗಿಗಳಲ್ಲ. ಮಾರಾಟಗಾರ ತೋರಿಸುವ ಕಂದಾಯದ ರಸೀದಿಗೂ ಇದೇ ಮಾತು ಅನ್ವಯಿಸುತ್ತದೆ: ಅಕ್ರಮ ಕಟ್ಟಡದಿಂದಲೂ ತೆರಿಗೆ ವಸೂಲಾಗುತ್ತದೆ, ಅದರಿಂದ ಕಟ್ಟಡ ಸಕ್ರಮವಾಗುವುದಿಲ್ಲ. ಉಪನೋಂದಣಾಧಿಕಾರಿ ಕ್ರಯಪತ್ರವನ್ನು ನೋಂದಾಯಿಸುತ್ತಾರೆ. ಮಹಡಿ ಎಣಿಸಲು ಸ್ಥಳಕ್ಕೆ ಬರುವುದಿಲ್ಲ. ಋಣಭಾರ ಪ್ರಮಾಣಪತ್ರದಲ್ಲಿ ಸಾಲ, ಮಾರಾಟಗಳ ವಿವರವಿರುತ್ತದೆ, ನಕ್ಷೆಯ ಉಲ್ಲಂಘನೆ ಇರುವುದಿಲ್ಲ. ಆದ್ದರಿಂದ ಅನುಮತಿ ಪತ್ರ ಮತ್ತು ನಕ್ಷೆಯ ಪ್ರತಿಯನ್ನು ಪಂಚಾಯಿತಿಯಿಂದಲೇ ಪಡೆದು ಕಟ್ಟಡದೊಂದಿಗೆ ಹೋಲಿಸಬೇಕು.

ಸಕ್ರಮದ ನಿರೀಕ್ಷೆ

ನಗರ ಪ್ರದೇಶಗಳಿಗಾಗಿ ರೂಪಿಸಿದ ಅಕ್ರಮ-ಸಕ್ರಮ ಯೋಜನೆಯಲ್ಲಿ ವಾಸದ ಕಟ್ಟಡಗಳ ಶೇ 50ರವರೆಗಿನ ಉಲ್ಲಂಘನೆಯನ್ನು ದಂಡ ಪಡೆದು ಮಾನ್ಯ ಮಾಡುವ ಉದ್ದೇಶವಿತ್ತು. ಹೈಕೋರ್ಟ್ 2016ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ನೀಡಿತು. ಮುಂದೆ ಸಕ್ರಮವಾಗುತ್ತದೆ ಎಂಬ ಮಾತನ್ನು ನಂಬಿ ಹೆಚ್ಚು ಬೆಲೆ ಕೊಡುವುದು ಜಾಣತನವಲ್ಲ.

ಬೆಲೆ, ಸಾಲ, ಬಾಡಿಗೆದಾರರು

ತಲಾ ₹5,000 ಬಾಡಿಗೆಯ ನಾಲ್ಕು ಮನೆಗಳಿಂದ ತಿಂಗಳಿಗೆ ₹20,000 ಬರುತ್ತದೆ ಎಂದುಕೊಳ್ಳೋಣ. ಮೇಲಿನ ಎರಡಕ್ಕೆ ಅನುಮತಿಯಿಲ್ಲದಿದ್ದರೆ ಬೆಲೆಯನ್ನು ₹10,000ದ ಆಧಾರದ ಮೇಲೆ ಲೆಕ್ಕ ಹಾಕುವುದು ಸುರಕ್ಷಿತ. ಕಟ್ಟಡದ ಪೂರ್ಣತಾ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರವನ್ನು ಪರಿಶೀಲಿಸಿದ ನಂತರವೇ ಬ್ಯಾಂಕುಗಳು ಅದರ ಭದ್ರತೆಯ ಮೇಲೆ ಸಾಲ ನೀಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಸೂಚಿಸಿದೆ. ವಿದ್ಯುತ್ ಮತ್ತು ನೀರಿನ ಸಂಪರ್ಕಕ್ಕೂ ಅದೇ ತೀರ್ಪು ಇಂಥ ಪ್ರಮಾಣಪತ್ರವನ್ನು ಕೇಳುತ್ತದೆ.

ಮಾಲೀಕ ಬದಲಾದ ಮಾತ್ರಕ್ಕೆ ಬಾಡಿಗೆ ಕರಾರು ಮುಗಿಯುವುದಿಲ್ಲ. ಬಾಡಿಗೆದಾರರು ಹಳೆಯ ಮಾಲೀಕನಿಗೆ ಕೊಟ್ಟ ಮುಂಗಡವನ್ನು ಯಾರು ಹಿಂದಿರುಗಿಸಬೇಕು ಎಂಬುದನ್ನು ಕ್ರಯಪತ್ರದಲ್ಲೇ ಬರೆಸಬೇಕು.

ಹಂಪಿಯ ಆಸುಪಾಸು

ಇಲ್ಲಿ ನಿಯಮ ಇನ್ನೂ ಕಠಿಣ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಜೊತೆಗೆ 2002ರ ಕಾಯ್ದೆಯಡಿ ರಚಿತವಾದ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಂತ್ರಣವಿದೆ. ನದಿಯಾಚೆಯ ವಿರುಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ನೆಲಸಮಗೊಳಿಸಲಾಯಿತು. ಚೋರನೂರು ಈ ವ್ಯಾಪ್ತಿಯಿಂದ ದೂರವಿದೆ. ಕಮಲಾಪುರ, ಕಡ್ಡಿರಾಂಪುರದ ಕಡೆ ಮನೆ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಬೇಕು.